ಶ್ರವಣದಿಂದ ಶಿಲೆಯವರೆಗೆ: ಪುರಾತತ್ತ್ವಾಸಕ್ತಿಯ ಪ್ರಸಾರ ಮತ್ತು ಸ್ವಾಧ್ಯಾಯಕ್ರಮ

ಶಾಸನ, ತಾಡಪತ್ರ, ಪ್ರಾಚೀನ ಜಿನಾಲಯಗಳ ಅವಶೇಷ ಮುಂತಾದವುಗಳ ವಿಚಾರವು ಬಹುಕಾಲ ವಿದ್ವಾಂಸರ ಕೊಠಡಿಗಳಲ್ಲಿಯೇ ಉಳಿದಿದ್ದಿತು. ಈಚಿನ ವರ್ಷಗಳಲ್ಲಿ ಅದು ಎರಡು ಮಾರ್ಗಗಳಿಂದ ಜನಸಾಮಾನ್ಯರ ಬಳಿಗೆ ಸಾಗುತ್ತಿದೆ. ಪಾಡ್‌ಕಾಸ್ಟ್ ಎಂದು ಕರೆಯಲಾಗುವ ಧ್ವನಿಸಂಚಿಕೆಯು ಮೊದಲನೆಯದು. ಹತ್ತಾರು ಜನರು ಒಂದೆಡೆ ಕುಳಿತು ಒಂದು ಗ್ರಂಥವನ್ನೋ ಶಾಸನಪಾಠವನ್ನೋ ಓದುವ ವಾಚನಗೋಷ್ಠಿಯು ಎರಡನೆಯದು. ಇವನ್ನು ಪಾಶ್ಚಾತ್ಯರ ಹೊಸ ರೂಢಿಗಳೆಂದು ಉಪೇಕ್ಷಿಸುವ ಪಂಡಿತರುಂಟು. ಇವುಗಳಿಂದಲೇ ಸಕಲವೂ ಸಿದ್ಧಿಸುವುದೆಂದು ನಂಬಿದ ತರುಣರೂ ಉಂಟು. ಜೈನ ಪರಂಪರೆಗೆ ಇವೆರಡೂ ಅಪರಿಚಿತವಲ್ಲ. ಆಗಮಕ್ಕೆ ‘ಶ್ರುತ’ವೆಂದು, ಗೃಹಸ್ಥನಿಗೆ ‘ಶ್ರಾವಕ’ನೆಂದು ಹೆಸರಿಟ್ಟ ಪರಂಪರೆಯು ಕಿವಿಯ ಮೂಲಕ ಬರುವ ಜ್ಞಾನವನ್ನು ಹೀನವೆಂದು ಎಣಿಸುವುದು ಸಾಧ್ಯವೇ ಇಲ್ಲ. ಕಿವಿಯಿಂದ ಬಂದುದು ಎಲ್ಲಿಯವರೆಗೆ ಪ್ರಮಾಣ, ಎಲ್ಲಿಂದ ಮುಂದಕ್ಕೆ ಕಣ್ಣು ಮತ್ತು ಪ್ರಶ್ನೆ ಅವಶ್ಯ ಎಂಬ ವಿವೇಚನೆಯನ್ನೂ ಆ ಪರಂಪರೆಯೇ ಮಾಡಿಟ್ಟಿದೆ.

ಕನ್ನಡ ನಾಡಿನಲ್ಲಿ ಧ್ವನಿಪ್ರಸಾರವು ವಿದ್ಯಾವಂತರ ಉತ್ಸಾಹದಿಂದಲೇ ಆರಂಭವಾಯಿತೆಂಬುದು ಸ್ಮರಣೀಯ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಕೇಂದ್ರವನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದಿತು. ಇಂದಿನ ಧ್ವನಿಸಂಚಿಕೆಗೆ ಕೇಂದ್ರವೂ ಬೇಡ, ನಿಯತವಾದ ವೇಳೆಯೂ ಬೇಡ. ಕೇಳುವವನು ಪ್ರಯಾಣದಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಕೇಳಬಹುದು. ನಿಲ್ಲಿಸಿ ಪುನಃ ಕೇಳಬಹುದು. ಈ ಸೌಕರ್ಯವು ಸಣ್ಣದಲ್ಲ.

ಇದರ ಅವಶ್ಯಕತೆಯನ್ನು ತಿಳಿಯಲು ಬೂದಿಗೆರೆಯಂತಹ ಊರನ್ನು ನೋಡಬೇಕು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿಗೆ ಸೇರಿದ ಈ ಊರು, ಹಳೇ ಮದರಾಸು ರಸ್ತೆಯಿಂದ ವಿಮಾನನಿಲ್ದಾಣದ ಕಡೆಗೆ ಹೋಗುವ ಮಾರ್ಗದಲ್ಲಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ಆರಂಭವಾದ ಮೇಲೆ ಈ ಸೀಮೆಯ ಹೊಲಗದ್ದೆಗಳು ನಿವೇಶನಗಳಾಗಿ ಮಾರ್ಪಡುತ್ತಿವೆ. ಹೊಲದ ಬದುವಿನಲ್ಲಿ ನಿಂತ ಕಲ್ಲು, ಕೆರೆಯ ಏರಿಯ ಮೇಲಿನ ಕಲ್ಲು, ಹಾಳುಗುಡಿಯ ಮುಂದಿನ ಕಲ್ಲು—ಇವುಗಳನ್ನು ಗುರುತಿಸಬಲ್ಲವರು ಆ ನೆಲವನ್ನು ಉಳುತ್ತಿದ್ದ ವೃದ್ಧರೇ. ನೆಲವು ಕೈಬದಲಾದಾಗ ಅವರ ತಿಳಿವಳಿಕೆಯೂ ಅಲ್ಲಿಂದ ದೂರವಾಗುತ್ತದೆ. ಮಣ್ಣು ತೋಡುವ ಯಂತ್ರವನ್ನು ನಡೆಸುವವನಿಗೆ ಶಾಸನದ ಕಲ್ಲಿಗೂ ಚಪ್ಪಡಿಗೂ ಭೇದ ತೋರದು. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದುದು 1905ರಲ್ಲಿ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ತಾಲೂಕುಗಳೆಲ್ಲವೂ ಅದರಲ್ಲಿಯೇ ಅಡಕವಾಗಿವೆ. ಅಂದು ನಿಂತಿದ್ದ ಕಲ್ಲುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ. ಅವುಗಳಿಗೆ ಆ ಮುದ್ರಿತ ಪಾಠವೊಂದೇ ಆಧಾರ. ಆ ಪಾಠದಲ್ಲಿ ಸ್ಖಾಲಿತ್ಯವಿದ್ದರೆ ತಿದ್ದಲು ಮೂಲವೇ ಇಲ್ಲ. ಹಸ್ತಪ್ರತಿಗಳಲ್ಲಿ ಮಾತೃಪ್ರತಿಯು ನಷ್ಟವಾದರೂ ಪ್ರತ್ಯಂತರಗಳು ದೊರೆಯಬಹುದು. ಶಿಲೆಗೆ ಪ್ರತ್ಯಂತರವಿರುವುದು ಅತಿ ವಿರಳ.

ಇನ್ನು ಪ್ರಕೃತ ವಿಷಯಕ್ಕೆ ಬರಬಹುದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಭ್ಯಂತರ ತಪಸ್ಸಿನ ಪ್ರಸಂಗವಾಗಿ ಸ್ವಾಧ್ಯಾಯವು ಐದು ವಿಧವೆಂದು ನಿರೂಪಿತವಾಗಿದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಪೂಜ್ಯಪಾದರ ವ್ಯಾಖ್ಯಾನದ ತಾತ್ಪರ್ಯದಂತೆ, ನಿರ್ದೋಷವಾದ ಗ್ರಂಥವನ್ನಾಗಲಿ ಅರ್ಥವನ್ನಾಗಲಿ ಎರಡನ್ನೂ ಆಗಲಿ ನೀಡುವುದು ವಾಚನೆ. ಸಂಶಯವನ್ನು ಕಳೆದುಕೊಳ್ಳಲು ಅಥವಾ ನಿಶ್ಚಿತವಾದುದನ್ನು ದೃಢಪಡಿಸಿಕೊಳ್ಳಲು ಕೇಳುವುದು ಪೃಚ್ಛನೆ. ತಿಳಿದ ಅರ್ಥವನ್ನು ಮನಸ್ಸಿನಲ್ಲಿ ಮರಳಿ ಮರಳಿ ಅಭ್ಯಾಸಮಾಡುವುದು ಅನುಪ್ರೇಕ್ಷೆ. ಉಚ್ಚಾರಣಶುದ್ಧಿಯಿಂದ ಪುನರಾವರ್ತಿಸುವುದು ಆಮ್ನಾಯ. ಆತ್ಮಹಿತಕ್ಕಾಗಿ ಹೇಳಿದ ಈ ಕ್ರಮವನ್ನು ಕಲ್ಲುಮಣ್ಣುಗಳ ಲೌಕಿಕ ವಿಚಾರಕ್ಕೆ ಅನ್ವಯಿಸುವುದು ಸರಿಯೇ ಎಂಬ ಆಕ್ಷೇಪವು ಏಳಬಹುದು. ಆಕ್ಷೇಪವು ಗೌರವಾರ್ಹವೇ. ಆದರೆ ಇಲ್ಲಿ ಅಪೇಕ್ಷಿತವಾದುದು ಕ್ರಮ ಮಾತ್ರ, ಫಲಸಾಮ್ಯವಲ್ಲ. ಇಷ್ಟಕ್ಕೂ ಬಸದಿಯ ದತ್ತಿಶಾಸನವನ್ನೂ ನಿಸಿದಿಯನ್ನೂ ಸರಿಯಾಗಿ ಓದುವುದು ಶ್ರಾವಕರಿಗೆ ತೀರ ಹೊರಗಿನ ಕಾರ್ಯವೇನೂ ಅಲ್ಲ.

ಈ ಐದು ಅಂಗಗಳನ್ನು ಇಟ್ಟು ನೋಡಿದರೆ ಧ್ವನಿಸಂಚಿಕೆಯ ಬಲಾಬಲಗಳು ಸ್ಪಷ್ಟವಾಗುತ್ತವೆ. ಅದು ಉಪದೇಶವನ್ನು ಸಮರ್ಥವಾಗಿ ಮಾಡುತ್ತದೆ. ವಾಚನೆಯಲ್ಲಿ ಅರ್ಥಭಾಗವನ್ನು ತಲುಪಿಸುತ್ತದೆ. ಪುನಃ ಪುನಃ ಕೇಳಲು ಅವಕಾಶವಿರುವುದರಿಂದ ಅನುಪ್ರೇಕ್ಷೆಗೂ ಸಹಾಯಕವೇ. ಆದರೆ ಕೇಳುವವನ ಸಂಶಯವು ಹೇಳುವವನಿಗೆ ಆಗಲೇ ಮುಟ್ಟುವುದಿಲ್ಲ. ಪೃಚ್ಛನೆಯಿಲ್ಲದ ಶ್ರವಣದಲ್ಲಿ ತಪ್ಪು ತಿಳಿವಳಿಕೆಯೂ ಸರಿಯಾದ ತಿಳಿವಳಿಕೆಯಷ್ಟೇ ದೃಢವಾಗಿ ನೆಲೆಸುತ್ತದೆ.

ಇದಕ್ಕೆ ಉದಾಹರಣೆಯು ಈ ಜಿಲ್ಲೆಯಲ್ಲಿಯೇ ದೊರೆಯುತ್ತದೆ. ನೆಲಮಂಗಲ ತಾಲೂಕಿನ ಮಣ್ಣೆಯು ಗಂಗರ ಕಾಲದ ಮಾನ್ಯಪುರ; ಶ್ರೀಪುರುಷನ ಕಾಲದಲ್ಲಿ ರಾಜನಿವಾಸವಾಗಿದ್ದ ಸ್ಥಳ. ಅಲ್ಲಿಯ ಎರಡು ತಾಮ್ರಶಾಸನಗಳು ಜೈನ ಇತಿಹಾಸಕ್ಕೆ ಬಹುಮೂಲ್ಯವಾದವು. ಶಕ 719ರ, ಎಂದರೆ ಕ್ರಿ.ಶ. 797ರ ಶಾಸನವು ಗಂಗ ಮಾರಸಿಂಹನದು. ಅವನ ಸೇನಾಪತಿಯಾದ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ದತ್ತಿಯನ್ನು ಅದು ಹೇಳುತ್ತದೆ. ಶಕ 724ರ, ಎಂದರೆ ಕ್ರಿ.ಶ. 802ರ ಶಾಸನವು ರಾಷ್ಟ್ರಕೂಟ ರಣಾವಲೋಕ ಕಂಭನ ಕಾಲದ್ದು. ಅದೂ ಅದೇ ಬಸದಿಗೆ ಸಂಬಂಧಿಸಿದುದು. ರಾಜ್ಯಾಧಿಕಾರವು ಗಂಗರಿಂದ ರಾಷ್ಟ್ರಕೂಟರಿಗೆ ಹಸ್ತಾಂತರವಾಗುತ್ತಿದ್ದ ಆ ಕ್ಷುಬ್ಧ ಕಾಲದಲ್ಲಿಯೂ ಬಸದಿಯ ದತ್ತಿಯು ಅವಿಚ್ಛಿನ್ನವಾಗಿ ಸಾಗಿತೆಂಬುದು ಇವೆರಡನ್ನೂ ಒಟ್ಟಿಗೆ ಓದಿದವರಿಗೆ ಮಾತ್ರ ಹೊಳೆಯುವ ಸಂಗತಿ. ಈ ಶಾಸನಗಳಲ್ಲಿ ಕೊಂಡಕುಂದಾನ್ವಯದ ಆಚಾರ್ಯರ ಉಲ್ಲೇಖವಿದೆ. ಆ ಪರಂಪರೆಯಲ್ಲಿ ಪುಷ್ಪನಂದಿಯ ಶಿಷ್ಯನಾಗಿ ಪ್ರಭಾಚಂದ್ರನು ಬರುತ್ತಾನೆ. ಕೊಂಡಕುಂದಾನ್ವಯದ ಪ್ರಾಚೀನತೆಯನ್ನು ಚರ್ಚಿಸುವವರು ಮರ್ಕರಾ ತಾಮ್ರಶಾಸನದ ಕಾಲದ ವಿಷಯದಲ್ಲಿ ಸಂಶಯಪಡುವುದರಿಂದ, ಮಣ್ಣೆಯ ಶಾಸನಗಳಿಗೆ ವಿಶೇಷವಾದ ಬೆಲೆ ಬಂದಿದೆ.

ಈ ವಿಷಯವನ್ನು ಒಬ್ಬನು ಧ್ವನಿಸಂಚಿಕೆಯಲ್ಲಿ ಕೇಳಿದನೆಂದು ಭಾವಿಸಬಹುದು. ‘ಶ್ರೀವಿಜಯ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಸಾಮಾನ್ಯ ಕನ್ನಡಿಗನಿಗೆ ನೆನಪಾಗುವವನು ಕವಿರಾಜಮಾರ್ಗದ ಶ್ರೀವಿಜಯನು. ನೃಪತುಂಗನ ಆಳ್ವಿಕೆ 814ರಿಂದ 878ರವರೆಗಿನದು. ಆ ಆಸ್ಥಾನದ ಕವಿಯು 797ರಲ್ಲಿಯೇ ಜಿನಾಲಯವನ್ನು ಕಟ್ಟಿಸಿದ ಸೇನಾಪತಿಯಾಗಿರಲಾರನು. ಇಷ್ಟಕ್ಕೇ ಮುಗಿಯದು; ಕಡಪ ಜಿಲ್ಲೆಯ ದಾನವುಲಪಾಡಿನ ಸ್ತಂಭಶಾಸನದಲ್ಲಿ ರಾಷ್ಟ್ರಕೂಟರ ದಂಡನಾಯಕನಾದ ಮತ್ತೊಬ್ಬ ಶ್ರೀವಿಜಯನಿದ್ದಾನೆ. ಮೂವರೂ ಜಿನಭಕ್ತರೇ ಎಂಬ ಕಾರಣದಿಂದ ಗೊಂದಲವು ಹೆಚ್ಚುತ್ತದೆ. ಪ್ರಭಾಚಂದ್ರನ ವಿಷಯದಲ್ಲಂತೂ ಹೇಳತೀರದು: ಚಂದ್ರಗಿರಿಯ ಪ್ರಾಚೀನ ಶಾಸನದ ಪ್ರಭಾಚಂದ್ರ, ಮಣ್ಣೆಯ ಪ್ರಭಾಚಂದ್ರ, ನ್ಯಾಯಕುಮುದಚಂದ್ರದ ಕರ್ತೃ ಪ್ರಭಾಚಂದ್ರ ಎಂದು ಹೆಸರು ಒಂದೇ ಆದರೂ ಕಾಲಗಳು ಶತಮಾನಗಳಷ್ಟು ದೂರ. ಗೋಷ್ಠಿಯಲ್ಲಿ ಕುಳಿತವನು “ಇವರು ಯಾವ ಶ್ರೀವಿಜಯರು?” ಎಂದು ಕೇಳುತ್ತಾನೆ, ಇನ್ನೊಬ್ಬನು ಸಂಪುಟವನ್ನು ತೆರೆದು ತೇದಿಯನ್ನು ನೋಡುತ್ತಾನೆ. ಏಕಾಂತದಲ್ಲಿ ಕೇಳಿದವನಿಗೆ ಸಂಶಯವು ಹುಟ್ಟುವುದೇ ಇಲ್ಲ, ಹುಟ್ಟದಿರುವುದೇ ದೋಷ.

ಎರಡನೆಯ ಕೊರತೆಯು ಅಕ್ಷರಕ್ಕೆ ಸಂಬಂಧಿಸಿದುದು. ಹಸ್ತಪ್ರತಿಗಳಲ್ಲಿ ತೋರುವ ದೋಷಗಳಲ್ಲಿ ಕಣ್ಣಿನ ದೋಷಗಳು ಬೇರೆ, ಕಿವಿಯ ದೋಷಗಳು ಬೇರೆ ಎಂಬುದು ಪ್ರತಿಸಂಶೋಧಕರೆಲ್ಲರಿಗೂ ವಿದಿತವಾಗಿದೆ. ನೋಡಿ ಬರೆದ ಲಿಪಿಕಾರನು ಪಕಾರ ವಕಾರಗಳನ್ನು ತಪ್ಪಾಗಿ ಗ್ರಹಿಸುತ್ತಾನೆ, ಸಮಾನ ಶಬ್ದವಿರುವ ಎರಡು ಸಾಲುಗಳ ನಡುವಿನ ಭಾಗವನ್ನು ಬಿಡುತ್ತಾನೆ. ಒಬ್ಬನು ಓದುತ್ತಿರಲು ಕೇಳಿ ಬರೆದವನು ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಶಕಾರ ಸಕಾರಗಳನ್ನೂ ಬೆರಸುತ್ತಾನೆ. ಧ್ವನಿಸಂಚಿಕೆಯಿಂದ ಶಾಸನವನ್ನು ಕಲಿತವನು ಈ ಎರಡನೆಯ ಲಿಪಿಕಾರನ ಸ್ಥಿತಿಯಲ್ಲಿರುತ್ತಾನೆ. ಗಂಗರ ಕಾಲದ ಶಾಸನಗಳಲ್ಲಿ ೞಕಾರವು ಸ್ವತಂತ್ರ ಅಕ್ಷರ. ಅದರ ಉಚ್ಚಾರವು ಮುಂದೆ ಕನ್ನಡದಲ್ಲಿ ಲೋಪವಾಯಿತು. ಜೈನ ವೈಯಾಕರಣನಾದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ತಿಳಿಸಬೇಕಾದುದೇ ಅದಕ್ಕೆ ಸಾಕ್ಷಿ. ಇಂದು ಓದುವವರು ೞಕಾರವನ್ನು ಳಕಾರವೆಂದೇ ಉಚ್ಚರಿಸುತ್ತಾರೆ. ‘ಬಾಳ್’ ಎಂದರೆ ಖಡ್ಗ; ‘ಬಾೞ್’ ಎಂದರೆ ಜೀವಿಸು. ಯುದ್ಧದಲ್ಲಿ ಮಡಿದ ವೀರನ ಕುಟುಂಬಕ್ಕೆ ಕೊಡುತ್ತಿದ್ದ ‘ಬಾಳ್ಗೞ್ಚು’ ಎಂಬ ಭೂಮಿಯು ಖಡ್ಗವನ್ನು ತೊಳೆಯುವುದೆಂಬ ಅರ್ಥದಿಂದ ಬಂದುದು; ಕಿವಿಯಿಂದ ಮಾತ್ರ ಕೇಳಿದವನು ಅದನ್ನು ಬಾಳುವೆಗಾಗಿ ಕೊಟ್ಟ ಭೂಮಿಯೆಂದು ವಿವರಿಸಿದರೆ ಆಶ್ಚರ್ಯವಿಲ್ಲ. ಅರ್ಥವು ಹೊಂದಿಕೆಯಾಗಿಯೇ ತೋರುತ್ತದೆ, ಆದುದರಿಂದಲೇ ಅಪಾಯ! ಆಮ್ನಾಯವೆಂಬ ನಾಲ್ಕನೆಯ ಅಂಗವು ಇಲ್ಲಿ ಅವಶ್ಯ. ಗೋಷ್ಠಿಯಲ್ಲಿ ಪಡಿಯಚ್ಚನ್ನು ಮುಂದಿಟ್ಟುಕೊಂಡು ಒಬ್ಬನು ಓದಬೇಕು, ಉಳಿದವರು ಅಕ್ಷರದ ಮೇಲೆ ಕಣ್ಣಿಟ್ಟು ಮತ್ತೆ ಹೇಳಬೇಕು.

ಶ್ರವಣದಿಂದ ಹುಟ್ಟಿದ ಆಸಕ್ತಿಯು ಶಿಲೆಯವರೆಗೆ ಹೋದರೆ ಏನಾಗಬಹುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಕಾಮಗಾರಿಯ ಸಂದರ್ಭದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಶ್ರೀಪುರುಷನ ಆಳ್ವಿಕೆಗೆ ಸೇರಿದ, ಸುಮಾರು ಕ್ರಿ.ಶ. 750ರ ಆ ಶಾಸನವು ಕಿತ್ತಯನೆಂಬ ವೀರನ ಮರಣವನ್ನು ದಾಖಲಿಸುತ್ತದೆ. ಅದರಲ್ಲಿ ಬರುವ ‘ಪೆರ್ಬೊೞಲ್ನಾಡು ಮೂವತ್ತು’ ಎಂಬುದು ಹೆಬ್ಬಾಳದ ಪ್ರಾಚೀನ ರೂಪವನ್ನು ತಿಳಿಸಿತು. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಪಕಾರವು ಹಕಾರವಾಗಿ, ೞಕಾರವು ಳಕಾರವಾಗಿ ಹೆಬ್ಬಾಳವೆಂದಾಯಿತು. ಕಲ್ಲನ್ನು ರಕ್ಷಿಸಿದವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಎಂಜಿನಿಯರ್ ಆದ ಪಿ.ಎಲ್. ಉದಯಕುಮಾರ್ ಮತ್ತು ಅವರ ಸಂಗಡಿಗರಾದ ಆಸಕ್ತ ನಾಗರಿಕರು. ಬೆಂಗಳೂರಿನ ಶಾಸನಶಿಲೆಗಳನ್ನು ಹುಡುಕುತ್ತ, ಕಂಡುದನ್ನು ಪರಸ್ಪರ ಹಂಚಿಕೊಳ್ಳುತ್ತ ಇದ್ದವರು ಇವರು. ಮುಂದೆ 2021ರಲ್ಲಿ, 1909ರಷ್ಟು ಹಿಂದೆಯೇ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯ ಯೋಜನೆಯನ್ನು ಕೈಗೊಂಡಿತು. ಸ್ಕ್ಯಾನರ್ ಯಂತ್ರವು ಕಲ್ಲಿನ ಮೇಲ್ಮೈಯ ಏರಿಳಿತವನ್ನೇ ಅಳೆದು ದಾಖಲಿಸುವುದರಿಂದ, ಬರಿಗಣ್ಣಿಗೆ ಸವೆದು ಹೋದಂತೆ ತೋರುವ ಅಕ್ಷರಗಳನ್ನು ಪರದೆಯ ಮೇಲೆ ಬೆಳಕನ್ನು ಓರೆಯಾಗಿ ಹಾಯಿಸಿ ಓದಬಹುದಾಗಿದೆ. ಆ ಪ್ರತಿಕೃತಿಗಳು ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುತ್ತವೆ. ರೈಸ್ ಅವರ ಪಾಠವನ್ನು ಮೂಲದೊಡನೆ ಹೋಲಿಸಿ ನೋಡುವ ಅವಕಾಶವು ಬೂದಿಗೆರೆಯ ಒಂದು ಮನೆಯ ಜಗಲಿಯ ಮೇಲೆ ಕುಳಿತವನಿಗೂ ಬಂದಂತಾಯಿತು. ಇದು ಶಾಸ್ತ್ರದಾನದ ಕಾರ್ಯವೇ ಎಂದರೆ ಉತ್ಪ್ರೇಕ್ಷೆಯಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯ ಹಿಂದಿರುವ ವಿವೇಕವೂ ಇದೇ: ಒಂದೇ ಪ್ರತಿಯಲ್ಲಿ ಉಳಿದುದು ಉಳಿದಂತಲ್ಲ.

ಧವಲಾದಿ ಸಿದ್ಧಾಂತಗ್ರಂಥಗಳ ವೃತ್ತಾಂತವು ಇಲ್ಲಿ ನೆನಪಾಗದಿರದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಅವು ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾಗಿದ್ದುವು. ದರ್ಶನಕ್ಕೆ ದೊರೆಯುತ್ತಿದ್ದುವು, ಓದಿಗೆ ದೊರೆಯುತ್ತಿರಲಿಲ್ಲ. ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವು ಹೊರಬಂದುದು 1939ರಲ್ಲಿ. ಪೂಜೆಯಿಂದ ಗ್ರಂಥವು ಉಳಿಯಿತು, ಓದಿನಿಂದ ಅದು ಬೆಳಕಿಗೆ ಬಂದಿತು. ಕೆ. ಭುಜಬಲಿ ಶಾಸ್ತ್ರಿಗಳು ತಾಡಪತ್ರಗಳ ಸೂಚಿಯನ್ನು ಸಿದ್ಧಪಡಿಸಿ 1948ರಲ್ಲಿ ಪ್ರಕಟಿಸಿದ ಮೇಲೆಯೇ ಎಲ್ಲಿ ಏನಿದೆಯೆಂಬುದು ಹೊರಗಿನ ವಿದ್ವಾಂಸರಿಗೆ ತಿಳಿಯಿತು. ಊರಿನ ಕಲ್ಲುಗಳಿಗೂ ಅಂತಹ ಸೂಚಿಯೇ ಮೊದಲನೆಯ ಅವಶ್ಯಕತೆ.

ವಾಚನಗೋಷ್ಠಿಯ ಕ್ರಮವು ಹೇಗಿರಬೇಕೆಂದು ಕೇಳುವವರಿಗೆ ಜೈನ ಶಿಲ್ಪವೇ ಉತ್ತರವನ್ನು ಕೊಡುತ್ತದೆ. ನಿಸಿದಿಕಲ್ಲುಗಳಲ್ಲಿ ಸಾಮಾನ್ಯವಾಗಿ ಮೇಲಿನ ಪಟ್ಟಿಕೆಯಲ್ಲಿ ಜಿನಬಿಂಬವಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಗುರು ಒಂದು ಕಡೆ, ಸಲ್ಲೇಖನಾವ್ರತಿಯಾದ ಶ್ರಾವಕನೋ ಶ್ರಾವಿಕೆಯೋ ಎದುರಿಗೆ, ನಡುವೆ ಗ್ರಂಥವನ್ನಿಡುವ ಠವಣೆಕೋಲು. ಹೇಳುವವರು, ಕೇಳುವವರು, ನಡುವೆ ಗ್ರಂಥ. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಗೋಷ್ಠಿಯು ಅಪೂರ್ಣ. ಧ್ವನಿಸಂಚಿಕೆಯಲ್ಲಿ ಇಲ್ಲದಿರುವುದು ನಡುವಿನ ಆ ಠವಣೆಕೋಲು. ಇಂತಹ ನಿಸಿದಿಗಳನ್ನು ಅರಿಯದವರು ವೀರಗಲ್ಲುಗಳೆಂದೋ ಮಾಸ್ತಿಕಲ್ಲುಗಳೆಂದೋ ಕರೆಯುವುದು ಸಾಮಾನ್ಯ. ಆಯುಧ, ಕಾಳಗ, ವಿಮಾನದಲ್ಲಿ ಒಯ್ಯುವ ಅಪ್ಸರೆಯರು ವೀರಗಲ್ಲಿನ ಲಕ್ಷಣ. ಎತ್ತಿದ ತೋಳು, ಬಳೆಗಳು ಮಾಸ್ತಿಕಲ್ಲಿನ ಲಕ್ಷಣ. ಠವಣೆಕೋಲು, ಪಿಂಛಿ, ಜಿನಬಿಂಬ ನಿಸಿದಿಯ ಲಕ್ಷಣ. ಇಷ್ಟನ್ನು ಒಂದು ಸಂಜೆಯ ಉಪನ್ಯಾಸದಿಂದ ಕಲಿಸಬಹುದು; ಧ್ವನಿಸಂಚಿಕೆಯಿಂದಲೂ ಬಹುಮಟ್ಟಿಗೆ ಸಾಧ್ಯ. ಕಲಿತ ಒಬ್ಬನು ಒಂದು ಊರಿನಲ್ಲಿದ್ದರೆ ಅಲ್ಲಿಯ ಕಲ್ಲು ಪಾಯಕ್ಕೆ ಹೋಗುವುದು ತಪ್ಪಬಹುದು.

ಬೂದಿಗೆರೆಯಂತಹ ಊರಿನಲ್ಲಿ ಇಂತಹ ಗೋಷ್ಠಿಯು ಆರಂಭವಾದರೆ ಸಾಮಗ್ರಿಗೆ ಕೊರತೆಯಿಲ್ಲ. ಪಶ್ಚಿಮಕ್ಕೆ ಮಣ್ಣೆ, ನೈರುತ್ಯಕ್ಕೆ ಹೆಬ್ಬಾಳ, ಉತ್ತರಕ್ಕೆ ನಂದಿಯ ಸೀಮೆ. ನಂದಿಯ ಗೋಪಿನಾಥ ಗುಡ್ಡದ ಶಾಸನವು ಅಲ್ಲಿಯ ಅರ್ಹತ್ಪರಮೇಶ್ವರನ ಚೈತ್ಯವನ್ನು ದಾಶರಥಿ ರಾಮನೊಡನೆಯೂ ಪಾಂಡವರ ತಾಯಿಯಾದ ಕುಂತಿಯೊಡನೆಯೂ ಸಂಬಂಧಿಸಿ ಹೇಳುತ್ತದೆ. ಇದು ಚಿಕ್ಕಬಳ್ಳಾಪುರ ತಾಲೂಕಿನದಾದ ಕಾರಣ ರೈಸ್ ಅವರ ಒಂಬತ್ತನೆಯ ಸಂಪುಟದಲ್ಲಿ ಹುಡುಕಿದರೆ ದೊರೆಯದು. ಅಂದಿನ ಕೋಲಾರ ಜಿಲ್ಲೆಗೆ ಮೀಸಲಾದ ಹತ್ತನೆಯ ಸಂಪುಟವನ್ನು ನೋಡಬೇಕು. ಜಿಲ್ಲೆಗಳ ಗಡಿಗಳು ಬದಲಾದರೂ ಸಂಪುಟಗಳ ವಿಭಾಗವು ಬದಲಾಗದೆಂಬ ಸಣ್ಣ ಸಂಗತಿಯನ್ನು ತಿಳಿಯದೆ ಹೊಸಬರು ವೃಥಾ ಶ್ರಮಪಡುವುದುಂಟು. ಮೊದಲು ಧ್ವನಿಸಂಚಿಕೆಯನ್ನು ಎಲ್ಲರೂ ತಮ್ಮ ತಮ್ಮ ವೇಳೆಯಲ್ಲಿ ಕೇಳಲಿ. ಸಂಶಯಗಳನ್ನು ಬರೆದುಕೊಂಡು ಬರಲಿ. ಗೋಷ್ಠಿಯಲ್ಲಿ ಶಾಸನಪಾಠವನ್ನು ಓದಿ ಅವುಗಳನ್ನು ಪರಿಹರಿಸಿಕೊಳ್ಳಲಿ. ಅನಂತರವೇ ಕಲ್ಲಿನ ಬಳಿಗೆ ಹೋಗಲಿ. ಈ ಕ್ರಮವು ವ್ಯತ್ಯಾಸವಾಗಿ, ಮೊದಲೇ ಕಲ್ಲಿನ ಬಳಿಗೆ ಓಡಿದ ಉತ್ಸಾಹಿಗಳಿಂದ ಅನರ್ಥವಾದುದೂ ಇದೆ. ಅಕ್ಷರ ಕಾಣಲೆಂದು ಗಟ್ಟಿಯಾದ ಕುಂಚದಿಂದ ಉಜ್ಜುವುದು, ಆಮ್ಲದಿಂದ ತೊಳೆಯುವುದು, ಬಣ್ಣ ತುಂಬುವುದು—ಇವು ಮಳೆಬಿಸಿಲುಗಳಿಗಿಂತ ಬೇಗ ಅಕ್ಷರವನ್ನು ತಿನ್ನುತ್ತವೆ. ಸಂಜೆಯ ಓರೆಬೆಳಕು ಅಥವಾ ಪಕ್ಕದಿಂದ ಹಿಡಿದ ಕೈದೀಪ ಸಾಕು. ಸಂರಕ್ಷಿತ ಸ್ಮಾರಕಗಳಲ್ಲಿ ಪಡಿಯಚ್ಚು ತೆಗೆಯಲು ಇಲಾಖೆಯ ಅನುಮತಿಯು ಅವಶ್ಯವೆಂಬುದನ್ನೂ ಮರೆಯಬಾರದು.

ಗೋಷ್ಠಿಯ ಆರಂಭಕ್ಕೆ ಜ್ಯೇಷ್ಠ ಶುಕ್ಲ ಪಂಚಮಿಗಿಂತ ತಕ್ಕ ದಿನವು ಬೇರೆ ಇಲ್ಲ. ಪುಷ್ಪದಂತ ಭೂತಬಲಿಗಳ ಶ್ರುತಲೇಖನವನ್ನು ಸ್ಮರಿಸಿ ಗ್ರಂಥಗಳ ಧೂಳನ್ನು ಝಾಡಿಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವ ಶ್ರುತಪಂಚಮಿಯಂದು, ಮನೆಯ ಅಟ್ಟದಲ್ಲಿರುವ ಕಟ್ಟುಗಳನ್ನು ಬಿಚ್ಚಿ ನೋಡಿ, ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಆದ್ಯಂತಗಳು, ಲಿಪಿಕಾರನ ಕಾಲಸೂಚನೆ ಇವನ್ನು ಬರೆದಿಡಬಹುದು. ಅದೇ ಹಾಳೆಯ ಕೆಳಭಾಗದಲ್ಲಿ ಊರಿನ ಕಲ್ಲುಗಳು ಎಲ್ಲೆಲ್ಲಿವೆ, ಯಾವ ಸರ್ವೆ ನಂಬರಿನ ಹೊಲದಲ್ಲಿವೆ, ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದನ್ನೂ ಸೇರಿಸಬಹುದು.

ಬೂದಿಗೆರೆ ಎಂಬ ಹೆಸರಿನ ವಿಚಾರವನ್ನೇ ಗೋಷ್ಠಿಯ ಮೊದಲನೆಯ ಪಾಠವಾಗಿ ಇಟ್ಟುಕೊಳ್ಳುವುದು ಯುಕ್ತ. ಉತ್ತರಪದವು ‘ಕೆರೆ’, ಕಕಾರಕ್ಕೆ ಗಕಾರವು ಆದೇಶವಾಗಿದೆ, ಹಳಗನ್ನಡದಲ್ಲಿ ಅದು ‘ಕೆಱೆ’ ಎಂದು ಶಕಟರೇಫದಿಂದ ಕೂಡಿರುತ್ತದೆ. ಇಷ್ಟನ್ನು ವ್ಯಾಕರಣದಿಂದ ನಿರ್ಣಯಿಸಬಹುದು. ಪೂರ್ವಪದವು ಕಿವಿಗೆ ತೋರುವಂತೆ ಬೂದಿಯೇ, ಅಥವಾ ಹೆಬ್ಬಾಳದಲ್ಲಿ ಆದಂತೆ ಸವೆದುಳಿದ ಬೇರೊಂದು ಶಬ್ದವೇ ಎಂಬುದಕ್ಕೆ ವ್ಯಾಕರಣವು ಸಾಲದು. ಕೆರೆಯ ಏರಿಯನ್ನೂ ಊರಬಾಗಿಲನ್ನೂ ಹೊಲದ ಬದುಗಳನ್ನೂ ಹೋಗಿ ನೋಡಬೇಕು.